ನೆಗಡಿಗೆ ಮೂಗು ಕೊಯ್ಯುವವರು

ಹಳೆಯ ಕಾರಿನ ಮುಂಭಾಗದಲ್ಲಿ ಕಟಕಟ ಸದ್ದು ಬಂತೆಂದರೆ ಕೆಲವು ಗ್ಯಾರೇಜುಗಳಲ್ಲಿ ಒಂದು ಸುಲಭ ಚಿಕಿತ್ಸೆ ಸಿದ್ಧವಾಗಿರುತ್ತದೆ. "ಸ್ಟೆಬಿಲೈಸರ್ ಬಾರ್ ಬಿಚ್ಚಿ ಹಾಕ್ತೀನಿ ಮೇಡಂ, ಅದಿಲ್ಲದಿದ್ರೂ ಗಾಡಿ ಓಡುತ್ತೆ."

ಓಡುತ್ತದೆ, ಸುಳ್ಳಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವನೂ ಓಡಾಡಿಕೊಂಡೇ ಇರುತ್ತಾನೆ!

ಈ ಬಾರ್ ಎಂದರೆ ಎಡಬಲ ಚಕ್ರಗಳ ಸಸ್ಪೆನ್ಷನ್ನನ್ನು ಅಡ್ಡಲಾಗಿ ಜೋಡಿಸುವ ಉಕ್ಕಿನ ಸರಳು. ತಿರುವಿನಲ್ಲಿ ಕಾರು ಹೊರಬದಿಗೆ ವಾಲುತ್ತದಲ್ಲ, ಆಗ ಈ ಸರಳು ತಿರುಚಿಕೊಂಡು ಆ ವಾಲುವಿಕೆಯನ್ನು ತಡೆಯುತ್ತದೆ. ನೆಟ್ಟನೆಯ ರಸ್ತೆಯಲ್ಲಿ ಎರಡು ಚಕ್ರಗಳೂ ಒಟ್ಟಿಗೆ ಏರಿಳಿದರೆ ಅದಕ್ಕೆ ಕೆಲಸವೇ ಇಲ್ಲ. ಆದ್ದರಿಂದಲೇ ಮೆಕ್ಯಾನಿಕ್ ಬಸ್‌ಸ್ಟ್ಯಾಂಡಿನವರೆಗೆ ಒಂದು ಸುತ್ತು ಓಡಿಸಿ ತೋರಿಸಿದರೆ ನಮಗೇನೂ ತಿಳಿಯುವುದಿಲ್ಲ. ತಿಳಿಯುವುದು ಘಾಟಿಯ ತಿರುವಿನಲ್ಲಿ, ಇಲ್ಲವೇ ಅಡ್ಡ ಬಂದ ಎಮ್ಮೆಯನ್ನು ತಪ್ಪಿಸಲು ಥಟ್ಟನೆ ಸ್ಟಿಯರಿಂಗ್ ತಿರುಗಿಸಿದಾಗ.

ನಮ್ಮಲ್ಲಿ ಎಷ್ಟೋ ಹೆಂಗಸರು ಡ್ರೈವಿಂಗ್ ಕಲಿತದ್ದು ಮಾರುತಿ 800ರಲ್ಲಿ. 1983ರಲ್ಲಿ ಬಂದು 2014ರಲ್ಲಿ ತಯಾರಿಕೆ ನಿಂತ ಆ ಕಾರು ಇಂದೂ ಊರೂರಿನಲ್ಲಿ ಕಾಣುತ್ತದೆ. ಅದರಲ್ಲಿ ಈ ಸರಳಿಗೆ ಎರಡು ಕೆಲಸ. ವಾಲುವುದನ್ನು ತಡೆಯುವುದು ಒಂದು. ಮುಂಚಕ್ರವನ್ನು ಹಿಡಿದಿರುವ ಕೆಳಗಿನ ಆರ್ಮ್ ಹಿಂದೆಮುಂದೆ ಸರಿಯದಂತೆ ನೋಡಿಕೊಳ್ಳುವುದು ಇನ್ನೊಂದು. ಅದನ್ನೇ ಬಿಚ್ಚಿಟ್ಟರೆ, ಬ್ರೇಕ್ ಒತ್ತಿದಾಗ ಚಕ್ರವನ್ನು ಅದರ ಜಾಗದಲ್ಲಿ ಹಿಡಿದು ನಿಲ್ಲಿಸುವವರು ಯಾರು?

"ಜೀಪಿನವರು ತೆಗೆಯೋದಿಲ್ವೇ?" ಎಂಬ ವಾದವೂ ಉಂಟು. ತೆಗೆಯುತ್ತಾರೆ. ಕಲ್ಲುಬಂಡೆಯ ದಾರಿಯಲ್ಲಿ ಒಂದೊಂದು ಚಕ್ರವೂ ತನ್ನಷ್ಟಕ್ಕೆ ಏರಿಳಿಯಲಿ ಎಂದು, ಆಮೆ ನಡಿಗೆಯಲ್ಲಿ ಹೋಗುವಾಗ ಕಳಚುತ್ತಾರೆ. ರಸ್ತೆಗೆ ಬಂದಾಗ ಮತ್ತೆ ಜೋಡಿಸುತ್ತಾರೆ. ಜೀಪ್ ರ‍್ಯಾಂಗ್ಲರ್ ರೂಬಿಕಾನ್‌ನ 2007ರ ಮಾದರಿಯಲ್ಲಿ ಗುಂಡಿ ಒತ್ತಿದರೆ ಬಾರ್ ಕಳಚಿಕೊಳ್ಳುವ ಏರ್ಪಾಡು ಬಂತು. ಗಾಡಿ ವೇಗ ಹಿಡಿದೊಡನೆ ಅದು ತಾನಾಗಿಯೇ ಜೋಡಿಸಿಕೊಳ್ಳುತ್ತದೆ. ಅಂದರೆ ಕಳಚುವ ಅನುಕೂಲ ಮಾಡಿಕೊಟ್ಟವರಿಗೇ ಅದು ಕಳಚಿರಬಾರದ ಹೊತ್ತು ಯಾವುದೆಂದು ಗೊತ್ತಿತ್ತು. ನಮ್ಮ ಗ್ಯಾರೇಜಿನಲ್ಲಿ ಬಿಚ್ಚಿದ ಸರಳು ಮೂಲೆಯ ಗುಜರಿಗೆ ಸೇರುತ್ತದೆ, ಮರಳಿ ಬರುವುದಿಲ್ಲ.

ಸದ್ದು ಸಾಮಾನ್ಯವಾಗಿ ಸರಳಿನದ್ದಲ್ಲ, ಅದನ್ನು ಹಿಡಿದಿರುವ ರಬ್ಬರ್ ಬುಷ್ ಸವೆದದ್ದರಿಂದ. ಬುಷ್ ಬದಲಾಯಿಸಿದರೆ ಮುಗಿಯುವ ಕೆಲಸ. ದೂರು ಹೇಳಿದ ಹುಡುಗಿಯನ್ನು ಹೊರಗೆ ನಿಲ್ಲಿಸಿದರೆ ತರಗತಿ ನಿಶ್ಶಬ್ದವಾಗುತ್ತದೆ. ಅದನ್ನು ಪಾಠ ಮಾಡುವುದು ಎನ್ನುತ್ತಾರೆಯೇ?

ನನಗೆ ಇದಕ್ಕಿಂತ ಸಿಟ್ಟು ಬರುವುದು ಮನೆಯ ಗಂಡಸರ ಒಂದು ಮಾತಿಗೆ: "ಅವಳು ಊರೊಳಗೆ ತಾನೇ ಓಡಿಸೋದು, ನಡೆಯುತ್ತೆ ಬಿಡಿ." ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಓಡಿಸುವವಳನ್ನು ಯಾರೂ ಕೇಳಲಿಲ್ಲ. ಅವಳ ಕಾರಿನಿಂದ ಏನು ತೆಗೆದರೆಂದು ಅವಳಿಗೆ ಹೇಳಲೂ ಇಲ್ಲ.

ಆದ್ದರಿಂದ ಅಕ್ಕತಂಗಿಯರೇ, ಮುಂದಿನ ಸಲ ಗ್ಯಾರೇಜಿಗೆ ನೀವೇ ಹೋಗಿ. "ಬಾರ್ ಇದೆಯೇ? ಬುಷ್ ಹೊಸದೇ? ಹಳೆಯದನ್ನು ಕೊಡಿ" ಎಂದು ಕೇಳಿ. ಗಾಡಿಯ ಕೆಳಗೆ ಟಾರ್ಚ್ ಬಿಟ್ಟು ತೋರಿಸಲಿ. ತೋರಿಸುವವರೆಗೆ ಪರ್ಸು ತೆರೆಯಬೇಡಿ.