ಶರಾವತಿ ಅಳಿವೆಗೆ ಉಪ್ಪಿನ ಬರ: ದೀಪದ ಬುಡದ ಕತ್ತಲೆ

ಶಿವಮೊಗ್ಗ: ಶಿವರಾತ್ರಿ ಕಳೆಯುತ್ತಿದ್ದಂತೆ ಚಳಿ ಹಿಂದೆ ಸರಿದು ಬಿಸಿಲು ಬಲಿಯುತ್ತದೆ. ಶಿವಮೊಗ್ಗ, ಭದ್ರಾವತಿಯಿಂದ ಬೆಂಗಳೂರಿನವರೆಗೆ ಮನೆಮನೆಯ ಫ್ಯಾನುಗಳು ತಿರುಗತೊಡಗುತ್ತವೆ. ಬಯಲುಸೀಮೆಯಲ್ಲಿ ಪಂಪ್‌ಸೆಟ್‌ಗಳಿಗೆ ಬಿಡುವಿರುವುದಿಲ್ಲ. ಪರೀಕ್ಷೆಯ ಕಾಲದಲ್ಲಿ ವಿದ್ಯುತ್ ಕಡಿತ ಬೇಡ ಎಂಬ ಒತ್ತಾಯ ಪ್ರತಿವರ್ಷವೂ ಕೇಳಿಬರುತ್ತದೆ. ಇಂತಹ ಹೊತ್ತಿನಲ್ಲಿ ರಾಜ್ಯ ನೋಡುವುದು ಶರಾವತಿಯತ್ತ. ಅದೇ ವಾರಗಳಲ್ಲಿ ಘಟ್ಟದ ಕೆಳಗೆ, ಹೊನ್ನಾವರದ ಅಳಿವೆಯಲ್ಲಿ ದೋಣಿ ಕಟ್ಟಿಕೊಂಡವನೂ ಅದೇ ನದಿಯನ್ನು ನೋಡುತ್ತಿರುತ್ತಾನೆ. ಆದರೆ ಅವನಿಗೆ ಆಗ ಬೇಕಾದುದು ಮೇಲಿನಿಂದ ಇಳಿಯುವ ಸಿಹಿನೀರಲ್ಲ, ಕಡಲಿನಿಂದ ಏರುವ ಉಪ್ಪುನೀರು.

ಶರಾವತಿಯ ಕುರಿತು ರಾಜ್ಯದಲ್ಲಿ ನಡೆದಿರುವ ಚರ್ಚೆಗಳಿಗೆ ಕೊರತೆಯಿಲ್ಲ. ಮುಳುಗಡೆ, ವಿದ್ಯುತ್, ಅಭಯಾರಣ್ಯ, ಬೆಂಗಳೂರಿಗೆ ಕುಡಿಯುವ ನೀರು, ಪಂಪ್ಡ್ ಸ್ಟೋರೇಜ್ ಎಲ್ಲವೂ ಚರ್ಚೆಯಾಗಿವೆ. ಆದರೆ ನದಿ ಜೋಗದಲ್ಲಿಯೇ ಮುಗಿದುಹೋಗುತ್ತದೆ ಎಂಬಂತೆ ನಾವು ಮಾತನಾಡುತ್ತ ಬಂದಿದ್ದೇವೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಈ ನದಿ ಕಡಲು ಸೇರುವಲ್ಲಿ ಏನಾಗಿದೆ ಎಂಬ ಪ್ರಶ್ನೆ ಬಹುಪಾಲು ವಿಜ್ಞಾನಿಗಳ ವರದಿಗಳಲ್ಲಿಯೇ ಉಳಿದಿದೆ.

ಉಪ್ಪು ಏರಬೇಕಾದ ಕಾಲ

ಅಳಿವೆಯೆಂದರೆ ನದಿಯೂ ಅಲ್ಲದ, ಕಡಲೂ ಅಲ್ಲದ ಜಲರಾಶಿ. ಕೊಂಕಣ ರೈಲ್ವೆ ಶರಾವತಿಯನ್ನು ದಾಟಲು ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಕಟ್ಟಬೇಕಾಯಿತು ಎಂಬುದರಿಂದಲೇ ಹೊನ್ನಾವರದ ಅಳಿವೆಯ ವಿಸ್ತಾರವನ್ನು ಊಹಿಸಬಹುದು. ದಿನಕ್ಕೆ ಎರಡು ಬಾರಿ ಭರತ ಏರಿ ಇಳಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಈ ಏರಿಳಿತ ಇನ್ನೂ ಹೆಚ್ಚು.

ಅಣೆಕಟ್ಟಿಲ್ಲದ ನದಿಯಲ್ಲಿ ವರ್ಷದ ಚಕ್ರ ಸರಳವಾಗಿರುತ್ತದೆ. ಮಳೆಗಾಲದ ಪ್ರವಾಹ ಅಳಿವೆಯ ಉಪ್ಪನ್ನೆಲ್ಲ ತೊಳೆದು ಕಡಲಿಗೆ ಒಯ್ಯುತ್ತದೆ. ದೀಪಾವಳಿಯ ನಂತರ ನದಿ ಕೃಶವಾದಂತೆ ಕಡಲು ಒಳನುಗ್ಗುತ್ತದೆ. ಫೆಬ್ರುವರಿ, ಮಾರ್ಚ್ ವೇಳೆಗೆ ಅಳಿವೆಯ ಬಾಯಿಯ ಸಮೀಪದ ನೀರು ಬಹುತೇಕ ಕಡಲಿನಷ್ಟೇ, ಅಂದರೆ ಲೀಟರಿಗೆ ಸುಮಾರು 35 ಗ್ರಾಂನ ಆಸುಪಾಸಿನ ಉಪ್ಪಿನಂಶವನ್ನು ತಲುಪುತ್ತದೆ. ಒಳಗೆ ಹೋದಂತೆ ಅದು ಹಂತಹಂತವಾಗಿ ಇಳಿಯುತ್ತದೆ.

ಈ ಹಂತಗಳೇ ಅಳಿವೆಯ ಸಂಪತ್ತು. ಒಂದೊಂದು ಜೀವಿಗೆ ಒಂದೊಂದು ಪ್ರಮಾಣದ ಉಪ್ಪು ಹಿತ. ಸೀಗಡಿಯ ಹಲವು ಜಾತಿಗಳು ಕಡಲಿನಲ್ಲಿ ಮೊಟ್ಟೆಯಿಡುತ್ತವೆ. ಮರಿಗಳು ಭರತದೊಡನೆ ಅಳಿವೆಯನ್ನು ಹೊಕ್ಕು, ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಬೆಳೆದು, ಮತ್ತೆ ಕಡಲಿಗೆ ಮರಳುತ್ತವೆ. ಅನೇಕ ಮೀನುಗಳಿಗೂ ಅಳಿವೆಯೇ ತೊಟ್ಟಿಲು. ಬಳಚು, ಕಲ್ವ, ನೀಲಿಕಲ್ಲುಗಳಂತಹ ಚಿಪ್ಪುಜೀವಿಗಳಿಗೆ ಓಡಿಹೋಗುವ ಅನುಕೂಲವಿಲ್ಲ. ಉಪ್ಪು ತಕ್ಕಷ್ಟಿದ್ದರೆ ಬದುಕು, ಇಲ್ಲದಿದ್ದರೆ ಇಲ್ಲ.

ಶರಾವತಿಯಲ್ಲಿ ಈ ಚಕ್ರ ತಲೆಕೆಳಗಾಗಿದೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಸುಮಾರು 151 ಟಿಎಂಸಿ ನೀರನ್ನು ಹಿಡಿದಿಡಬಲ್ಲದು. ಆ ನೀರು ತಳಕಳಲೆಯ ಮೂಲಕ 1035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರಕ್ಕೆ ಇಳಿಯುತ್ತದೆ. ಅಲ್ಲಿಂದ ಮುಂದೆ ಈ ಶತಮಾನದ ಆರಂಭದಲ್ಲಿ ಕಾರ್ಯಾರಂಭಿಸಿದ 240 ಮೆಗಾವಾಟ್‌ನ ಗೇರುಸೊಪ್ಪ ಅಣೆಕಟ್ಟೆಯಲ್ಲಿ ಇನ್ನೊಮ್ಮೆ ದುಡಿದು ಅಳಿವೆ ಸೇರುತ್ತದೆ. ಹೀಗೆ ಮಳೆಗಾಲದಲ್ಲಿ ಹರಿದುಹೋಗಬೇಕಾಗಿದ್ದ ನೀರು ಬೇಸಿಗೆಯಲ್ಲಿ ಬರುತ್ತದೆ. ಅಳಿವೆಗೆ ಉಪ್ಪು ಏರಬೇಕಾದ ತಿಂಗಳುಗಳಲ್ಲಿಯೇ ವಿದ್ಯುತ್ ಬೇಡಿಕೆಯೂ ಏರುತ್ತದೆ ಎಂಬುದು ಈ ನದಿಯ ವಿಪರ್ಯಾಸ.

ಎರಡು ನದಿ, ಎರಡು ಬದುಕು

ಇದನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ಹೊನ್ನಾವರದ ಉತ್ತರಕ್ಕೆ, ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ಕಡಲು ಸೇರುತ್ತದೆ. ಶಿರಸಿಯ ಬಳಿ ಹುಟ್ಟುವ ಈ ನದಿಗೆ ದೊಡ್ಡ ಅಣೆಕಟ್ಟುಗಳಿಲ್ಲ. ಮಳೆ, ಮಣ್ಣು, ಕಡಲು ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಆದುದರಿಂದಲೇ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ತಜ್ಞರು ಈ ಎರಡು ಅಳಿವೆಗಳನ್ನು ಹೋಲಿಸಿ ಅಧ್ಯಯನ ಮಾಡಿದ್ದಾರೆ. ಮೀನಿನ ವೈವಿಧ್ಯದಲ್ಲಿ ಅಘನಾಶಿನಿ ಮುಂದಿದೆ, ಶರಾವತಿಯಲ್ಲಿ ಉಪ್ಪಿನಂಶ ಕುಸಿದಿರುವುದೇ ಇದಕ್ಕೆ ಮುಖ್ಯ ಕಾರಣ ಎಂಬುದು ಈ ಅಧ್ಯಯನಗಳ ಸಾರ. ಶರಾವತಿಯಲ್ಲಿ ಉಳಿದಿರುವ ಚಿಪ್ಪುಜೀವಿಗಳು ಮುಖ್ಯವಾಗಿ ಕಡಿಮೆ ಉಪ್ಪಿನಲ್ಲಿಯೂ ಬಾಳಬಲ್ಲಂಥವು.

ಅಘನಾಶಿನಿಯಲ್ಲಿ ಇಳಿತದ ವೇಳೆ ಮಹಿಳೆಯರು ಬುಟ್ಟಿ ಹಿಡಿದು ಕೆಸರಿಗಿಳಿಯುತ್ತಾರೆ. ದೋಣಿ ಬೇಡ, ಬಲೆ ಬೇಡ, ಸಾಲವೂ ಬೇಡ; ಎರಡು ಕೈ ಇದ್ದರೆ ಬಳಚು ಹೆಕ್ಕಿ ದಿನದ ಖರ್ಚು ಸರಿದೂಗಿಸಬಹುದು. ಅಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿ ಚಿಪ್ಪು ಸಂಗ್ರಹವನ್ನು ನೆಚ್ಚಿಕೊಂಡಿರುವುದನ್ನು 2008ರ ಅಧ್ಯಯನವೊಂದು ಗುರುತಿಸಿತ್ತು. ತೀರದ ಗಜನಿ ಭೂಮಿಯಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆದು, ಕೊಯ್ಲಿನ ನಂತರ ಅದೇ ಗದ್ದೆಯಲ್ಲಿ ಸೀಗಡಿ, ಮೀನು ಹಿಡಿಯುವ ಪದ್ಧತಿಯೂ ಅಲ್ಲಿನದು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಗೆ ರಾಮ್‌ಸಾರ್ ಮಾನ್ಯತೆ ದೊರೆತಾಗ ಜಗತ್ತು ಗೌರವಿಸಿದ್ದು ಈ ಬದುಕನ್ನೂ ಹೌದು.

ಅಣೆಕಟ್ಟೊಂದೇ ಕಾರಣವೆ?

ಹಾಗೆಂದು ಶರಾವತಿ ಅಳಿವೆಯ ಎಲ್ಲ ಸಂಕಟವನ್ನೂ ಲಿಂಗನಮಕ್ಕಿಯ ತಲೆಗೆ ಕಟ್ಟುವುದು ನ್ಯಾಯವಾಗದು. ನದೀಪಾತ್ರದ ಮರಳು ಗಣಿಗಾರಿಕೆ ಮೀನಿನ ನೆಲೆಗಳನ್ನು ಕದಡಿದೆ. ಮರಿಮೀನನ್ನೂ ಬಿಡದ ಸಣ್ಣ ಕಣ್ಣಿನ ಬಲೆಗಳಿವೆ. ಅಳಿವೆಯ ಬಾಯಿಯಲ್ಲಿ ಹೂಳು ತುಂಬಿ ದೋಣಿಗಳ ಸಂಚಾರ ಅಪಾಯಕಾರಿಯಾಗಿದೆ. ಕಾಸರಕೋಡು ಟೊಂಕದಲ್ಲಿ ಖಾಸಗಿ ವಾಣಿಜ್ಯ ಬಂದರು ನಿರ್ಮಾಣದ ವಿರುದ್ಧ ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ.

ಸಿಹಿನೀರಿನ ಫಲಾನುಭವಿಗಳೂ ಇದ್ದಾರೆ. ಗೇರುಸೊಪ್ಪದಿಂದ ಕೆಳಗೆ ಎರಡೂ ದಡಗಳ ಅಡಿಕೆ, ತೆಂಗಿನ ತೋಟಗಳು ಬೇಸಿಗೆಯಲ್ಲಿ ಹಸುರಾಗಿರುವುದು ಈ ನೀರಿನಿಂದಲೇ. ಬಾವಿಗಳಿಗೆ ಉಪ್ಪು ನುಸುಳದಂತೆ ತಡೆಯುವುದೂ ಇದೇ ಹರಿವು. ರಾಜ್ಯಕ್ಕೆ ಬರ ಬಡಿದು ಲಿಂಗನಮಕ್ಕಿ ತುಂಬದ 2023ರಂತಹ ವರ್ಷದಲ್ಲಿ ಹರಿವು ತಗ್ಗಿದರೆ ಕೃಷಿಕನಿಗೆ ಆತಂಕ. ಒಬ್ಬನ ವರ ಇನ್ನೊಬ್ಬನ ಶಾಪವಾಗುವ ಇಂತಹ ಸಂದರ್ಭದಲ್ಲಿ, ನೀರನ್ನು ಯಾವಾಗ ಎಷ್ಟು ಬಿಡಬೇಕೆಂಬುದನ್ನು ವಿದ್ಯುತ್ ಬೇಡಿಕೆಯೊಂದೇ ನಿರ್ಧರಿಸುವುದು ಸರಿಯೆ ಎಂಬುದೇ ಮೂಲ ಪ್ರಶ್ನೆ.

ನದಿಗೆ ಕನಿಷ್ಠ ಹರಿವು ಬೇಕೆಂಬ ವಾದ ದೇಶದಲ್ಲಿ ಈಗ ಸಾಕಷ್ಟು ಬಲ ಪಡೆದಿದೆ. ಶರಾವತಿಯಲ್ಲಿ ಸಮಸ್ಯೆ ಬೇರೆಯೇ. ಇಲ್ಲಿ ನೀರು ಸಾಲದೆಂಬ ದೂರಿಲ್ಲ, ಅಕಾಲದಲ್ಲಿ ಬರುತ್ತದೆ ಎಂಬ ದೂರು. 1975ರಲ್ಲಿ ಗಂಗೆಗೆ ಫರಕ್ಕಾ ಬ್ಯಾರೇಜ್ ಅಡ್ಡ ಬಂದ ಮೇಲೆ ಹಿಲ್ಸಾ ಮೀನು ಮೇಲಕ್ಕೆ ಹೋಗುವುದು ಬಹುತೇಕ ನಿಂತಿತು. ಅಲ್ಲಿ ದಾರಿ ಮುಚ್ಚಿದ್ದು ಕಣ್ಣಿಗೆ ಕಾಣುತ್ತಿತ್ತು. ಹೊನ್ನಾವರದಲ್ಲಿ ದಾರಿ ತೆರೆದೇ ಇದೆ, ಬದಲಾದುದು ನೀರಿನ ರುಚಿ. ಕಣ್ಣಿಗೆ ಕಾಣದ ನಷ್ಟಕ್ಕೆ ಪರಿಹಾರವೂ ಇರುವುದಿಲ್ಲ.

ಹೊಸ ಯೋಜನೆ, ಹಳೆಯ ಮರೆವು

ಈ ಪ್ರಶ್ನೆ ಈಗ ತುರ್ತಿನದಾಗಿರುವುದಕ್ಕೆ ಕಾರಣವಿದೆ. ಕರ್ನಾಟಕ ವಿದ್ಯುತ್ ನಿಗಮದ 2000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ ನೀರನ್ನು ಮೇಲೆತ್ತಿ ಇಳಿಸುವ ಉದ್ದೇಶದ್ದು. 2025ರ ಸೆಪ್ಟೆಂಬರ್‌ನಲ್ಲಿ ಇದರ ಕುರಿತು ನಡೆದ ಸಾರ್ವಜನಿಕ ಅಹವಾಲು ಸಭೆಗಳಲ್ಲಿ ವ್ಯಾಪಕ ವಿರೋಧ ವ್ಯಕ್ತವಾಯಿತು. ವಿರೋಧದ ಕೇಂದ್ರದಲ್ಲಿದ್ದುದು ಸಿಂಗಳೀಕಗಳ ಅಭಯಾರಣ್ಯ ಹಾಗೂ ಕಡಿಯಬೇಕಾಗುವ ಮರಗಳು. ಅದು ಸಹಜವೂ ಹೌದು.

ಆದರೆ ಗೇರುಸೊಪ್ಪ ಜಲಾಶಯ ಅಳಿವೆಗೆ ನೀರು ಬಿಡುವ ಕೊನೆಯ ಬಾಗಿಲು. ಪಂಪ್ಡ್ ಸ್ಟೋರೇಜ್‌ನಲ್ಲಿ ಅದೇ ನೀರು ಮತ್ತೆ ಮತ್ತೆ ಬಳಕೆಯಾಗುವುದರಿಂದ ನೀರು ಖರ್ಚಾಗದು ಎಂಬುದು ನಿಜವಿರಬಹುದು. ಖರ್ಚಾಗದಿದ್ದರೂ ಬಿಡುಗಡೆಯ ವೇಳಾಪಟ್ಟಿ ಬದಲಾಗಬಹುದಲ್ಲವೆ? ಹಗಲಿಗೊಂದು, ಇರುಳಿಗೊಂದು ಹರಿವು ಬಂದರೆ ಅಳಿವೆಯ ಉಪ್ಪು ಹೇಗೆ ವರ್ತಿಸೀತು? ಇದಕ್ಕೆ ಉತ್ತರ ದೊರೆಯಬೇಕಾದುದು ಯೋಜನೆಗೆ ಮೊದಲು, ನಂತರವಲ್ಲ.

ಅಘನಾಶಿನಿಗೂ ನೆಮ್ಮದಿಯಿಲ್ಲ. 2000ದ ದಶಕದಲ್ಲಿ ತದಡಿಯಲ್ಲಿ 4000 ಮೆಗಾವಾಟ್ ಉಷ್ಣವಿದ್ಯುತ್ ಸ್ಥಾವರದ ಪ್ರಸ್ತಾವ ಜನವಿರೋಧದಿಂದ ಹಿಂದೆ ಸರಿದಿತ್ತು. ನಂತರ ಆ ನದಿಯ ನೀರನ್ನು ವೇದಾವತಿಗೆ ತಿರುಗಿಸುವ ಪ್ರಸ್ತಾವ ಬಂದಿದೆ. ಅಲ್ಲಿಯೂ ಹರಿವು ಬದಲಾದರೆ, ಹೋಲಿಸಿ ನೋಡಲು ಒಂದು ಸಹಜ ಅಳಿವೆಯೂ ನಮಗೆ ಉಳಿಯದಿರಬಹುದು.

ಶಿವಮೊಗ್ಗಕ್ಕೇಕೆ ಈ ಚಿಂತೆ?

ಭದ್ರಾವತಿಯಿಂದ ಹೊರಟ ಹೆದ್ದಾರಿ ಶಿವಮೊಗ್ಗ, ಸಾಗರ ದಾಟಿ ನೇರ ಹೊನ್ನಾವರಕ್ಕೆ ಇಳಿಯುತ್ತದೆ. ನಮ್ಮ ಮಾರುಕಟ್ಟೆಗೆ ಮೀನಿನ ಲಾರಿಗಳು ಘಟ್ಟ ಹತ್ತಿ ಬರುತ್ತವೆ. ಇಲ್ಲಿ ಕಟ್ಟಿಟ್ಟ ನೀರು ಘಟ್ಟ ಇಳಿದು ಹೋಗುತ್ತದೆ. ಸಂಬಂಧ ಇಷ್ಟಕ್ಕೇ ಮುಗಿಯುವುದಿಲ್ಲ. ರಾಜ್ಯಕ್ಕೆ ಬೆಳಕು ಕೊಡಲು ಮುಳುಗಿದ್ದು ಈ ಜಿಲ್ಲೆಯ ಊರುಗಳು. ಆರು ದಶಕಗಳ ನಂತರವೂ ಶರಾವತಿ ಸಂತ್ರಸ್ತರ ಹಕ್ಕುಪತ್ರದ ಸಮಸ್ಯೆ ಬಗೆಹರಿದಿಲ್ಲ. ಶರಾವತಿ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾವದ ವಿರುದ್ಧ 2019ರ ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿದಾಗ, ನಮ್ಮನ್ನು ಕೇಳದೆ ನಮ್ಮ ನದಿಯ ಹಣೆಬರಹ ಬರೆಯಬೇಡಿ ಎಂಬುದೇ ಜನರ ಅಹವಾಲಾಗಿತ್ತು. ಮುಳುಗಡೆಯ ನೋವನ್ನು ಜೀವನವಿಡೀ ಬರೆದ ನಾ. ಡಿಸೋಜ ಆ ಹೋರಾಟದ ಮುಂಚೂಣಿಯಲ್ಲಿದ್ದರು.

ಅದೇ ಮಾತನ್ನು ಅಳಿವೆಯ ಜನ ಹೇಳಿದರೆ ನಾವು ಕೇಳಿಸಿಕೊಳ್ಳಬೇಕು. ಮೇಲೆ ಮುಳುಗಿದವನ ನಷ್ಟಕ್ಕೆ ಕಡೇಪಕ್ಷ ಸರ್ವೆ ನಂಬರಿತ್ತು, ಅಳಿವೆಯ ಮೀನುಗಾರನಿಗೆ ಅದೂ ಇರಲಿಲ್ಲ. 2013ರ ಭೂಸ್ವಾಧೀನ ಕಾಯ್ದೆ ಜಲಮೂಲಗಳನ್ನು ನೆಚ್ಚಿದ ಮೀನುಗಾರರನ್ನೂ, ದೋಣಿ ನಡೆಸುವವರನ್ನೂ ಬಾಧಿತ ಕುಟುಂಬಗಳ ವ್ಯಾಖ್ಯೆಯೊಳಗೆ ತಂದಿತು. ಆದರೆ ಅದು ಅನ್ವಯಿಸುವುದು ಭೂಸ್ವಾಧೀನದಿಂದ ಜೀವನೋಪಾಯಕ್ಕೆ ಧಕ್ಕೆಯಾದಾಗ. ಮೂವತ್ತು ಕಿಲೋಮೀಟರು ಕೆಳಗೆ ನೀರಿನ ರುಚಿ ಬದಲಾದುದನ್ನು ಯಾವ ಸರ್ವೆಯರ್ ಅಳೆದಾನು?

ಮಾಡಬಹುದಾದ ಕೆಲಸಗಳು ಅಸಾಧ್ಯವೇನಲ್ಲ. ಗೇರುಸೊಪ್ಪದಿಂದ ಕಡಲಿನವರೆಗೆ ವರ್ಷವಿಡೀ ಉಪ್ಪಿನಂಶ ಅಳೆದು, ಮೀನು ಇಳುವರಿಯೊಡನೆ ಹೋಲಿಸಿ ಅದನ್ನು ಬಹಿರಂಗಪಡಿಸಬೇಕು. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ, ಸೌರವಿದ್ಯುತ್ ಹೇರಳವಾಗಿರುವ ಹಗಲಿನಲ್ಲಿ ಹರಿವನ್ನು ತಗ್ಗಿಸಲು ಸಾಧ್ಯವೆ ಎಂಬುದನ್ನು ತೋಟದ ಹಾಗೂ ಕುಡಿಯುವ ನೀರಿನ ಅಗತ್ಯದೊಡನೆ ತೂಗಿ ನೋಡಬೇಕು. ಹೊಸ ಯೋಜನೆಯ ಪರಿಣಾಮದ ಅಧ್ಯಯನ ಅಣೆಕಟ್ಟೆಯ ಗೋಡೆಯಲ್ಲಿ ನಿಲ್ಲದೆ ಅಳಿವೆಯ ಬಾಯಿಯವರೆಗೆ ಹೋಗಬೇಕು. ಇವೆಲ್ಲಕ್ಕೂ ಮೊದಲು ಶರಾವತಿಯ ಕುರಿತ ಮುಂದಿನ ಸಭೆಯಲ್ಲಿ ಅಳಿವೆಯ ಮೀನುಗಾರರಿಗೂ ಒಂದು ಕುರ್ಚಿ ಇರಬೇಕು.

ಮಲೆನಾಡಿಗರು ತಮ್ಮ ಊರು ಮುಳುಗಿದ ಕಥೆಯನ್ನು ರಾಜ್ಯಕ್ಕೆ ಅರವತ್ತು ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಅದೇ ನೀರಿನ ಕೆಳತುದಿಯಲ್ಲಿ ನಿಂತವರ ಕಥೆಯನ್ನು ಮೊದಲು ಕೇಳಬೇಕಾದವರೂ ಅವರೇ.