ಕಪ್ಪು ಬಣ್ಣದ ಶೋಕಗೀತೆ

1936ರ ಜುಲೈಯಲ್ಲಿ ಸ್ಪೇನ್ ದೇಶದ ಚುನಾಯಿತ ಗಣರಾಜ್ಯ ಸರಕಾರದ ವಿರುದ್ಧ ಸೇನಾಧಿಕಾರಿಗಳು ದಂಗೆಯೆದ್ದಾಗ ಅಮೆರಿಕದ ರಾಬರ್ಟ್ ಮದರ್‌ವೆಲ್‌ಗೆ ಇಪ್ಪತ್ತೊಂದು ವರ್ಷ. ಆತ ಆಗ ತತ್ತ್ವಶಾಸ್ತ್ರದ ವಿದ್ಯಾರ್ಥಿ. ಮರುವರ್ಷ ಸಾನ್‌ಫ್ರಾನ್ಸಿಸ್ಕೋದಲ್ಲಿ ಫ್ರೆಂಚ್ ಲೇಖಕ ಆಂದ್ರೆ ಮಾಲ್ರೋ ಆ ಯುದ್ಧದ ಕುರಿತು ಆಡಿದ ಮಾತುಗಳನ್ನು ಕೇಳಿದ. 1939ರಲ್ಲಿ ಗಣರಾಜ್ಯ ಕುಸಿದು ಫ್ರಾಂಕೋನ ಸರ್ವಾಧಿಕಾರ ನೆಲೆಯೂರಿತು.

ಇದೇ ಯುದ್ಧದ ಬಗ್ಗೆ ಪಿಕಾಸೋ 1937ರಲ್ಲಿ ರಚಿಸಿದ 'ಗೆರ್ನಿಕಾ' ಲೋಕಪ್ರಸಿದ್ಧ. ಅದರಲ್ಲಿ ಚೀರುವ ಕುದುರೆಯಿದೆ, ಸತ್ತ ಕೂಸನ್ನು ಹಿಡಿದ ತಾಯಿಯಿದ್ದಾಳೆ. ಮಕ್ಕಳಿಗೂ ಅದು ಅರ್ಥವಾದೀತು. ಮದರ್‌ವೆಲ್ ತುಳಿದ ದಾರಿ ಬೇರೆ.

1948ರಲ್ಲಿ ಆತ ಪತ್ರಿಕೆಯೊಂದಕ್ಕಾಗಿ ಗೆಳೆಯನ ಕವಿತೆಯ ಜೊತೆಗೆ ಪುಟ್ಟದೊಂದು ಶಾಯಿಚಿತ್ರ ಬರೆದ. ಆ ಸಂಚಿಕೆ ಹೊರಬರಲೇ ಇಲ್ಲ. ಚಿತ್ರಕ್ಕೂ ಸ್ಪೇನಿಗೂ ಆಗ ಸಂಬಂಧವಿರಲಿಲ್ಲ. ಮರುವರ್ಷ ಅದು ಮತ್ತೆ ಕಣ್ಣಿಗೆ ಬಿದ್ದಾಗ, ಅದನ್ನೇ ಹಿಗ್ಗಿಸಿ ಬಣ್ಣದಲ್ಲಿ ರಚಿಸಿ, 1936ರಲ್ಲಿ ಹತನಾದ ಸ್ಪೇನಿನ ಕವಿ ಲೋರ್ಕಾನ ಶೋಕಗೀತೆಯ ಪಲ್ಲವಿಯನ್ನು ಹೆಸರಾಗಿಟ್ಟ. ಘಟನೆ ಮೊದಲು, ಚಿತ್ರ ಆಮೇಲೆ ಎಂದು ನಾವೆಲ್ಲ ಎಣಿಸುತ್ತೇವೆ. ಇಲ್ಲಿ ಆಕಾರವೇ ಮೊದಲು ಒದಗಿತು, ಹತ್ತು ವರ್ಷ ಎದೆಯಲ್ಲಿದ್ದ ದುಃಖ ಅದರೊಳಗೆ ಬಂದು ನೆಲೆಸಿತು.

ಬಿಳಿಯ ಹಿನ್ನೆಲೆ, ಅದರ ಮೇಲೆ ಕಂಬಗಳಂತೆ ನಿಂತ ಕಪ್ಪು ಪಟ್ಟಿಗಳು, ಅವುಗಳ ನಡುವೆ ಅದುಮಿ ಹಿಡಿದಂತಿರುವ ಕಪ್ಪು ಅಂಡಾಕೃತಿಗಳು. ಇಷ್ಟೇ. ಮನುಷ್ಯರಿಲ್ಲ, ಕೋವಿಯಿಲ್ಲ, ಧ್ವಜವಿಲ್ಲ. 'ಸ್ಪೇನ್ ಗಣರಾಜ್ಯಕ್ಕೆ ಶೋಕಗೀತೆ' ಎಂಬ ಹೆಸರನ್ನು ತೆಗೆದರೆ ನೋಡುವವನಿಗೆ ಸ್ಪೇನ್ ಹೊಳೆಯುವುದೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಬಹುಶಃ ಹೊಳೆಯದು. ಆದರೆ ಸಾವಿನ ಮನೆಯ ಅಂಗಳದಲ್ಲಿ ಕಾಲಿಟ್ಟೊಡನೆ, ಯಾರೂ ಏನೂ ಹೇಳದೆಯೇ, ನಮ್ಮ ದನಿ ತಗ್ಗುತ್ತದಲ್ಲ, ಆ ಬಗೆಯ ಭಾರ ಆ ಕಪ್ಪಿನಲ್ಲಿದೆ. ಇವು ರಾಜಕೀಯ ಚಿತ್ರಗಳಲ್ಲ, ಘೋರವಾದೊಂದು ಸಾವನ್ನು ಮರೆಯಬಾರದೆಂಬ ತನ್ನ ಸ್ವಂತ ಹಟ ಎಂಬುದು ಮದರ್‌ವೆಲ್‌ನ ವಿವರಣೆಯಾಗಿತ್ತು.

ಆ ಹಟ ಒಂದೆರಡು ಚಿತ್ರಗಳಿಗೆ ತೀರಲಿಲ್ಲ. ಅದೇ ಪಟ್ಟಿ, ಅದೇ ಅಂಡಾಕೃತಿಗಳನ್ನು ನೂರಕ್ಕೂ ಹೆಚ್ಚು ಬಾರಿ ಬರೆದ. 1975ರಲ್ಲಿ ಫ್ರಾಂಕೋ ಸತ್ತ; 1981ರಲ್ಲಿ 'ಗೆರ್ನಿಕಾ' ನ್ಯೂಯಾರ್ಕಿನಿಂದ ಸ್ಪೇನಿಗೆ ಹೋಯಿತು. ಮದರ್‌ವೆಲ್ ಮಾತ್ರ ನಿಲ್ಲಿಸಲಿಲ್ಲ. ಆತ ತೀರಿಕೊಂಡದ್ದು 1991ರಲ್ಲಿ. ಹಿಂದಿನ ವರ್ಷವಷ್ಟೇ ಮುಗಿಸಿದ ಶೋಕಗೀತೆಯೊಂದರ ಹೆಸರಿನಲ್ಲಿ 'ರಕ್ತದೊಂದಿಗೆ' ಎಂಬ ಮಾತೂ ಸೇರಿದೆ.