ಸಾಕುವುದೂ ಸಾಕೆನ್ನುವುದೂ

ಕನ್ನಡದ ‘ಸಾಕು’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಪೋಷಿಸು ಎಂಬುದೊಂದು; ಇಷ್ಟಾಯಿತು, ಇನ್ನು ಬೇಡ ಎಂಬುದು ಇನ್ನೊಂದು. ಎರಡನೆಯದು ‘ಸಾಲ್’ ಧಾತುವಿನಿಂದ ಬಂದುದೆಂದೂ, ಎರಡಕ್ಕೂ ರೂಪಸಾಮ್ಯವಲ್ಲದೆ ಬೇರೆ ನಂಟಿಲ್ಲವೆಂದೂ ತರಗತಿಯಲ್ಲಿ ಹೇಳುತ್ತೇವೆ. ಶಬ್ದಶಾಸ್ತ್ರದ ಮಟ್ಟಿಗೆ ಅದು ಸರಿಯೇ. ಆದರೆ ಲೋಕದಲ್ಲಿ, ಅದರಲ್ಲಿಯೂ ನಾಯಿಗಳ ವಿಷಯದಲ್ಲಿ, ಮೊದಲನೆಯ ಅರ್ಥದ ಬೆನ್ನಿಗೇ ಎರಡನೆಯದು ಬರುವುದನ್ನು ಮೇಲಿಂದ ಮೇಲೆ ಕಾಣುತ್ತೇವೆ. ದೀಪಾವಳಿಗೆ ಅಕ್ಕರೆಯಿಂದ ಮನೆಗೆ ತಂದ ಮರಿ ಯುಗಾದಿಯ ವೇಳೆಗೆ ಕೆರೆಯ ಏರಿಯ ಮೇಲೆ ನಿಂತಿರುತ್ತದೆ.

ಈ ಪ್ರಸ್ತಾಪಕ್ಕೆ ಕಾರಣವಿದೆ. 2025ರ ಆಗಸ್ಟ್ 22ರಂದು ಸರ್ವೋಚ್ಚ ನ್ಯಾಯಾಲಯವು ಬೀದಿನಾಯಿಗಳ ವಿಷಯವಾಗಿ ಕೊಟ್ಟ ಆದೇಶದಲ್ಲಿ, ಪ್ರಾಣಿಪ್ರಿಯರು ಪೌರಸಂಸ್ಥೆಗೆ ಅರ್ಜಿ ಕೊಟ್ಟು ಬೀದಿನಾಯಿಯನ್ನು ದತ್ತು ಪಡೆಯಬಹುದೆಂದೂ, ಹಾಗೆ ಪಡೆದ ನಾಯಿ ಮರಳಿ ಬೀದಿಗೆ ಬಾರದಂತೆ ನೋಡಿಕೊಳ್ಳುವ ಹೊಣೆ ಪಡೆದವರದೇ ಎಂದೂ ಹೇಳಿತು. ಅದೇ ವರ್ಷ ನವೆಂಬರ್ 7ರ ಆದೇಶವು ಇನ್ನೂ ಮುಂದೆ ಹೋಗಿ, ಶಾಲೆ ಕಾಲೇಜು, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಲ್ಲಿರುವ ನಾಯಿಗಳನ್ನು ಹಿಡಿದು, ಸಂತಾನಹರಣ ಚಿಕಿತ್ಸೆ ಮಾಡಿಸಿ, ಲಸಿಕೆ ಹಾಕಿಸಿ, ಆಶ್ರಯಧಾಮದಲ್ಲಿ ಇಡಬೇಕು, ಹಿಡಿದಲ್ಲಿಗೇ ಮರಳಿ ಬಿಡಕೂಡದು ಎಂದಿತು. ಈ ಆದೇಶಗಳ ಗುಣದೋಷ ವಿಚಾರ ನನ್ನ ಕೆಲಸವಲ್ಲ. ನಾಯಿ ಕಚ್ಚಿದ ಮಗುವಿನ ತಾಯಿಗೆ ಒಂದು ನ್ಯಾಯ, ಹತ್ತು ವರ್ಷ ನಾಯಿಗೆ ಅನ್ನವಿಟ್ಟ ಅಜ್ಜಿಗೆ ಒಂದು ನ್ಯಾಯ ತೋರುವುದು ಸಹಜ. ರೇಬಿಸ್ ತಗುಲಿ ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ಇಲ್ಲವೆನ್ನುವಷ್ಟು ಅಪರೂಪವೆಂಬುದನ್ನು ಯಾವ ದಯಾಳುವೂ ಮರೆಯತಕ್ಕದ್ದಲ್ಲ. ನಾನು ಹೇಳಬೇಕೆಂದಿರುವುದು ಅದರಿಂದಾಚೆಯ ಒಂದು ಸಣ್ಣ ಸಂಗತಿ. ಹಿಡಿದು ತಂದ ನಾಯಿಗಳಿಗೆಲ್ಲ ಆಶ್ರಯಧಾಮಗಳು ಸಾಲವು. ಆಗ ‘ದತ್ತು ಕೊಟ್ಟುಬಿಡೋಣ’ ಎಂಬ ಉತ್ಸಾಹ ಹುಟ್ಟುತ್ತದೆ. ಶಾಮಿಯಾನ ಹಾಕಿ, ಬ್ಯಾನರು ಕಟ್ಟಿ, ಗಣ್ಯರನ್ನು ಕರೆದು, ಬಂದವರ ಕೈಗೆ ಒಂದೊಂದು ನಾಯಿಯನ್ನಿತ್ತು ಫೋಟೋ ತೆಗೆಯಿಸುವ ಉತ್ಸಾಹ. ನನಗೆ ಭಯವಿರುವುದು ಇದರ ಬಗ್ಗೆ.

ದತ್ತು ಎಂಬುದು ಹಗುರವಾದ ಮಾತಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯನ್ನು ನೋಡಿದವರು ಬಲ್ಲರು: ಮಗುವನ್ನು ಕೊಡತಕ್ಕವರು ನಿಜವಾಗಿ ಕೊಡಬೇಕು, ಕೊಳ್ಳತಕ್ಕವರು ನಿಜವಾಗಿ ಕೊಳ್ಳಬೇಕು, ಒಮ್ಮೆ ಕ್ರಮವಾಗಿ ಆದ ದತ್ತಕವನ್ನು ತಂದೆತಾಯಿಗಳು ರದ್ದು ಮಾಡುವಂತಿಲ್ಲ. ನಾಯಿಗೆ ಆ ಕಾಯಿದೆ ಅನ್ವಯಿಸದು, ನಿಜ. ಆದರೆ ಆ ಶಬ್ದವನ್ನು ಎರವಲು ತಂದ ಮೇಲೆ ಅದರ ಭಾರವನ್ನೂ ಸ್ವಲ್ಪ ಹೊರಬೇಕಲ್ಲವೇ?

ನಾಯಿಗೆ ತಕ್ಕ ಮನೆ, ಮನೆಗೆ ತಕ್ಕ ನಾಯಿ ಎಂಬ ವಿಚಾರ ಪಟ್ಟಣದವರು ಹೊಸದಾಗಿ ಕಂಡುಹಿಡಿದದ್ದೇನೂ ಅಲ್ಲ. ಜಯಮಂಗಲಿಯ ದಡದ ನಮ್ಮ ಹೊಳವನಹಳ್ಳಿಯ ಕಡೆ ಯಾವ ಹಳ್ಳಿಗೆ ಹೋದರೂ, ನಾಯಿ ಮರಿ ಹಾಕಿದ ಸುದ್ದಿ ಹಬ್ಬಿದರೆ, ಬೇಕಾದವರು ಬಂದು ನೋಡಿ ಆರಿಸಿಕೊಂಡು ಹೋಗುವ ಪದ್ಧತಿಯಿದೆ. ಹೆಗಲ ಚರ್ಮ ಹಿಡಿದೆತ್ತಿ ಮರಿ ಕುಂಯ್ಗುಡುತ್ತದೆಯೋ ಇಲ್ಲವೋ ಎಂದು ನೋಡುವವರುಂಟು, ಉಗುರು ಎಣಿಸುವವರುಂಟು. ಇವುಗಳಲ್ಲಿ ಎಷ್ಟು ಹುರುಳಿದೆಯೋ ಇಲ್ಲವೋ, ಅಂತೂ ಪರೀಕ್ಷೆಯೆಂಬುದೊಂದಿತ್ತು. ತೋಟ ಕಾಯುವುದಕ್ಕೋ, ಕುರಿಯ ರೊಪ್ಪಕ್ಕೋ, ಒಬ್ಬಂಟಿ ಮುದುಕಿಯ ಜಗಲಿಗೋ ಎಂಬುದು ಕೊಡುವವರಿಗೂ ಗೊತ್ತಿರುತ್ತಿತ್ತು. ಮರಿ ಹೇಗಿದೆಯೆಂದು ಆಮೇಲೆ ಸಂತೆಯಲ್ಲೋ ಜಾತ್ರೆಯಲ್ಲೋ ವಿಚಾರಿಸುವುದೂ ಉಂಟು.

ಈ ಪದ್ಧತಿಯನ್ನು ನಾನು ಹೊಗಳಿ ಹಾಡುತ್ತಿಲ್ಲ. ಅದರೊಳಗಿನ ದೊಡ್ಡ ಅನ್ಯಾಯವೊಂದನ್ನು ಹೇಳಲೇಬೇಕು. ಎಲ್ಲರೂ ಕೇಳುವುದು ಗಂಡುಮರಿಯನ್ನು. ಹೆಣ್ಣುಮರಿಗಳು ಉಳಿಯುತ್ತವೆ, ಕಣ್ಣು ಬಿಟ್ಟು ನಡೆಯುವಂತಾದೊಡನೆ ಗೋಣಿಚೀಲದಲ್ಲಿ ಹಾಕಿಕೊಂಡು ಹೋಗಿ ಯಾವುದೋ ಹೋಟೆಲಿನ ಹಿಂದೆಯೋ ಕೋಳಿ ಅಂಗಡಿಯ ಮುಂದೆಯೋ ಬಿಡುತ್ತಾರೆ. ಅವುಗಳಲ್ಲಿ ಬದುಕಿದವು ವರ್ಷಕ್ಕೆ ಎರಡು ಬಾರಿ ಬೆದೆಗೆ ಬರುತ್ತವೆ. ಎರಡು ತಿಂಗಳಲ್ಲಿ ಮತ್ತೆ ಮರಿಗಳು. ಬೀದಿಯ ನಾಯಿಗಳೆಂದು ನಾವು ಬೈಯುವ ಸಂತತಿಯ ಬಹುಭಾಗಕ್ಕೆ ಮೂಲ ಈ ಗೋಣಿಚೀಲ. ಸಂತಾನಹರಣ ಚಿಕಿತ್ಸೆಯಾದ ಹೆಣ್ಣುನಾಯಿ ಗಂಡಿಗಿಂತ ಯಾವ ವಿಧದಲ್ಲಿಯೂ ಕಡಮೆಯಲ್ಲ; ಬೆದೆಯ ಕಾಲದ ಗಲಾಟೆಯಿಲ್ಲ, ಮನೆ ಬಿಟ್ಟು ಅಲೆಯುವ ಚಪಲವೂ ಕಡಮೆ. ಇಷ್ಟನ್ನು ತಿಳಿಹೇಳಿದರೆ ನಮ್ಮ ನಾಡಿನ ಅರ್ಧ ನಾಯಿಗಳಿಗೆ ಮನೆಯ ಬಾಗಿಲು ತೆರೆದೀತು.

ತಕ್ಕ ನಾಯಿಯನ್ನು ತಕ್ಕವನು ಬೇಡಿ ಪಡೆದ ಕಥೆ ನಮ್ಮಲ್ಲಿ ಕಲ್ಲಿನ ಮೇಲೆಯೇ ಇದೆ. ಮದ್ದೂರು ತಾಲ್ಲೂಕಿನ ಆತಕೂರಿನ ಹತ್ತನೆಯ ಶತಮಾನದ ಶಾಸನವನ್ನು ಕನ್ನಡ ಎಂ.ಎ. ಓದಿದವರೆಲ್ಲ ಬಲ್ಲರು; ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ, ಮೆಚ್ಚಿದೆ, ಬೇಕಾದುದನ್ನು ಬೇಡು ಎಂಬ ಮಾತು ದೊರೆಯಿತು. ಅವನು ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿ ದೊಡ್ಡದೊಂದು ಹಂದಿಯೊಡನೆ ಹೋರಾಡಿ, ಹಂದಿಯೂ ತಾನೂ ಸತ್ತು ಬಿದ್ದಾಗ, ಅದಕ್ಕಾಗಿ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಯ ಏರ್ಪಾಡನ್ನೂ ಮಾಡಿದರು. ಇದನ್ನು ನಾವು ವೀರದ ಉದಾಹರಣೆಯೆಂದು ಪಾಠ ಮಾಡುತ್ತೇವೆ. ನನಗೆ ಹಿಡಿಸುವುದು ಅದರ ಮೊದಲ ಭಾಗ. ಬೇಟೆಗಾರನಿಗೆ ತನಗೆ ಬೇಕಾದ ನಾಯಿ ಯಾವುದೆಂದು ಗೊತ್ತಿತ್ತು. ಹೆಸರು ಹಿಡಿದು ಕೇಳಿದ. ಇಂದು ದತ್ತು ಕೇಳಬರುವವರಲ್ಲಿ ಎಷ್ಟು ಮಂದಿ ‘ಬಿಳಿಯದು ಇದ್ದರೆ ಕೊಡಿ’ ಎಂಬುದಕ್ಕಿಂತ ಹೆಚ್ಚಿನದನ್ನು ಹೇಳಬಲ್ಲರು?

ನಾಯಿಯನ್ನು ಸಿಂಹಾಸನದ ಮೇಲೆ ಕೂರಿಸಿದ ಗಾದೆಯೊಂದು ನಮ್ಮಲ್ಲಿದೆ. ನಾಯಿಯ ಕೀಳುಬುದ್ಧಿಗೆ ಅದನ್ನು ಉದಾಹರಿಸುವುದು ವಾಡಿಕೆ. ನಿಧಾನವಾಗಿ ಯೋಚಿಸಿದರೆ ತಪ್ಪು ನಾಯಿಯದಲ್ಲ, ಕೂರಿಸಿದವನದು. ಅದಕ್ಕೆ ಹೊಂದದ ಜಾಗವನ್ನು ಅದರ ಮೇಲೆ ಹೇರಿ, ಇಳಿದು ಓಡಿದಾಗ ಬೈಯುವವನದು. ಮುಧೋಳದ ನಾಯಿಯ ಗತಿ ನೋಡಿ. 2005ರಲ್ಲಿ ಭಾರತದ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ಹೊರಡಿಸಿತು, ಸೈನ್ಯವೂ ಅದನ್ನು ಸೇರಿಸಿಕೊಂಡಿತು, ಹೆಸರು ದೊಡ್ಡದಾಯಿತು. ಬಯಲಿನಲ್ಲಿ ಮೊಲದ ಹಿಂದೆ ಗಾಳಿಯಂತೆ ಓಡುವುದಕ್ಕೆ ಹುಟ್ಟಿದ ಆ ಪ್ರಾಣಿಯನ್ನು, ಹೆಸರು ಕೇಳಿ ತಂದು, ಮೂವತ್ತು ನಲವತ್ತರ ನಿವೇಶನದ ಮನೆಯ ಕಾಂಪೌಂಡಿನೊಳಗೆ ಎರಡು ಮಾರು ಸರಪಳಿಯಲ್ಲಿ ಕಟ್ಟುತ್ತಾರೆ. ಒಂದು ದಿನ ಸರಪಳಿ ಕಳಚಿ ಓಡಿದರೆ, ಮುಂದೆ ಓಡುವುದು ನೆರೆಮನೆಯ ಕೋಳಿಯೋ ಕುರಿಮರಿಯೋ ಆದರೆ, ಅದು ತನ್ನ ಕುಲದ ವಿದ್ಯೆಯನ್ನು ತೋರಿಸಿಯೇ ತೋರಿಸುತ್ತದೆ. ಆಮೇಲೆ ‘ಈ ನಾಯಿ ಸಾಕು’!

ಬೀದಿನಾಯಿಗೂ ಅದರದೇ ಆದ ಚರಿತ್ರೆಯಿದೆ. ಅದನ್ನು ಓದಬೇಕು. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು 1965ರ ತಮ್ಮ ಗ್ರಂಥದಲ್ಲಿ, ಮರಿ ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗೆ ಯಾರ ಸಹವಾಸ ದೊರೆಯುವುದೋ ಅವರನ್ನು ತನ್ನವರೆಂದು ಬಗೆಯುವುದೆಂದು ತೋರಿಸಿಕೊಟ್ಟರು. ನಮ್ಮ ಸೀಮೆಯ ಗೊಲ್ಲರಹಟ್ಟಿಯ ಹಿರಿಯರೊಬ್ಬರು ಇದನ್ನೇ ಒಂದೇ ವಾಕ್ಯದಲ್ಲಿ ನನಗೆ ಹೇಳಿದರು. ಬಸ್ ನಿಲ್ದಾಣದ ಒಳ್ಳೆಯ ನಾಯಿಯೊಂದಿದೆ, ಕುರಿ ಕಾಯಲು ಕೊಂಡುಹೋಗಬಾರದೇಕೆ ಎಂದು ಕೇಳಿದ್ದಕ್ಕೆ ಅವರು, ‘ಕುರಿ ಜೊತೆ ಬೆಳೆದದ್ದು ಕುರಿ ಕಾಯ್ತದೆ ಸ್ವಾಮಿ, ಬನ್ನು ತಿಂದು ಬೆಳೆದದ್ದು ಬನ್ನಿನಂಗಡಿ ಕಾಯ್ತದೆ’ ಎಂದರು. ಎಷ್ಟು ನಿಜ! ಬಸ್ಸಿನ ಸದ್ದಿಗೆ ಕಿವಿ ಅಲುಗಿಸದ, ನೂರು ಜನರ ಕಾಲ ನಡುವೆ ನಿಶ್ಚಿಂತೆಯಿಂದ ಮಲಗುವ ನಾಯಿಯನ್ನು ಊರಾಚೆಯ ಒಂಟಿ ತೋಟಕ್ಕೆ ಕೊಟ್ಟರೆ ಅದು ಮೂರನೆಯ ದಿನ ಬಸ್ ನಿಲ್ದಾಣದಲ್ಲಿಯೇ ಇರುತ್ತದೆ. ಅದಕ್ಕೆ ಬೇಕಾದುದು ಜನ ಬಂದು ಹೋಗುವ ಮನೆ: ಅಂಗಡಿಯವರದು, ಗಿರಣಿಯವರದು, ಹತ್ತು ಮಕ್ಕಳು ಪಾಠಕ್ಕೆ ಬರುವ ಮೇಷ್ಟರದು. ಜನರನ್ನು ಕಂಡರೆ ಬಾಲ ಮಡಚಿ ಬೇಲಿಯ ಸಂದಿಗೆ ಸೇರುವ ನಾಯಿಯಿದೆಯೋ, ಅದಕ್ಕೆ ಆ ಒಂಟಿ ತೋಟವೇ ತವರುಮನೆಯಾದೀತು.

ವಯಸ್ಸಿನ ಮಾತೂ ಹೀಗೆಯೇ. ನಾನು ಬಲ್ಲ ನಿವೃತ್ತ ಉಪಾಧ್ಯಾಯ ದಂಪತಿಗಳು, ಮಕ್ಕಳು ದೂರದೇಶದಲ್ಲಿ, ಮನೆ ಬಿಕೋ ಎನ್ನುತ್ತದೆಂದು ಮರಿಯೊಂದನ್ನು ತಂದರು. ಮರಿಗೆ ಆರು ತಿಂಗಳಾಗುವಷ್ಟರಲ್ಲಿ ಅಮ್ಮನವರ ಸೀರೆಯಂಚು, ರಾಯರ ಕನ್ನಡಕದ ಡಬ್ಬಿ ಯಾವುದೂ ಉಳಿಯಲಿಲ್ಲ. ಹಗ್ಗ ಹಿಡಿದು ಹೊರಟ ರಾಯರು ಬಿದ್ದು ಮಣಿಕಟ್ಟು ಮುರಿಯಿತು. ಮರಿ ಈಗ ಬೇರೆಡೆ ಸುಖವಾಗಿದೆಯಂತೆ. ಆ ಮನೆಗೆ ಬೇಕಾಗಿದ್ದುದು ಏಳೆಂಟು ವರ್ಷದ, ಓಟವೆಲ್ಲ ಮುಗಿಸಿ ಬಿಸಿಲಿನ ಚೌಕವನ್ನು ಹುಡುಕಿಕೊಂಡು ಮಲಗುವ ನಾಯಿ. ಅಂಥ ನಾಯಿಗಳನ್ನು ಯಾರೂ ಕೇಳುವುದಿಲ್ಲ. ಕೊಡುವವರೂ ಮುಂದೆ ತಂದು ತೋರಿಸುವುದಿಲ್ಲ.

ಅಮೆರಿಕದ ಪ್ರಾಣಿದಯಾ ಸಂಘದಲ್ಲಿ ಎಮಿಲಿ ವೈಸ್ ಎಂಬ ವಿದುಷಿಯೊಬ್ಬರು ಇದಕ್ಕೊಂದು ಕ್ರಮ ಮಾಡಿದ್ದಾರೆ. ನಾಯಿಯ ಸ್ವಭಾವವನ್ನು ಪರೀಕ್ಷಿಸಿ ಹಸಿರು, ಕಿತ್ತಳೆ, ನೇರಳೆ ಎಂಬ ಬಣ್ಣಗಳಲ್ಲೊಂದನ್ನು ಕೊಡುವುದು. ಕೇಳಬಂದವರಿಂದಲೂ ಪ್ರಶ್ನಪತ್ರಿಕೆ ತುಂಬಿಸಿ ಅವರಿಗೂ ಬಣ್ಣ ಕೊಡುವುದು. ಬಣ್ಣ ಬಣ್ಣ ಕೂಡಿಸುವುದು. ಜಾತಕ ನೋಡುವ ನಮಗೆ ಇದು ಹೊಸದೆನಿಸದು. ಬೆಂಗಳೂರಿನಲ್ಲಿಯೂ, ಕ್ರಿಸ್ಟಲ್ ರೋಜರ್ಸ್ ಎಂಬ ಆಂಗ್ಲ ಮಹಿಳೆ 1991ರಲ್ಲಿ ಆರಂಭಿಸಿದ ‘ಕ್ಯೂಪಾ’ದಂತಹ ಸಂಸ್ಥೆಗಳು ನಾಯಿಯನ್ನು ಕೊಡುವ ಮೊದಲು ಮನೆಯನ್ನು ವಿಚಾರಿಸುತ್ತವೆ. ಸಂತೋಷ. ಆದರೆ ಪಟ್ಟಣದ ಪ್ರಶ್ನೆಗಳನ್ನು ಹಾಗೆಯೇ ಹಳ್ಳಿಗೆ ತಂದರೆ ನಡೆಯದು. ‘ಮಾಲೀಕರ ಒಪ್ಪಿಗೆಯಿದೆಯೇ, ಎಷ್ಟನೆಯ ಮಹಡಿ’ ಎಂದು ಕೊರಟಗೆರೆ ತಾಲ್ಲೂಕಿನ ರೈತನನ್ನು ಕೇಳಿದರೆ ನಗುತ್ತಾನೆ. ನಮ್ಮ ಪ್ರಶ್ನೆಗಳು ಬೇರೆ. ಮನೆಯಲ್ಲಿ ಕೋಳಿಗಳಿವೆಯೇ? ಇಲಿಗೆ, ಹಂದಿಗೆ ವಿಷವಿಡುವ ರೂಢಿಯಿದೆಯೇ? ಕಡಲೆಕಾಯಿ ಕಿತ್ತ ಮೇಲೆ ಕೂಲಿಗೆಂದು ಬೆಂಗಳೂರಿಗೆ ಹೊರಡುವ ಸಂಸಾರವಾದರೆ ಆ ನಾಲ್ಕು ತಿಂಗಳು ಮುದ್ದೆ ಹಾಕುವವರು ಯಾರು? ಎಲ್ಲಕ್ಕಿಂತ ಮುಖ್ಯವಾಗಿ, ರಾತ್ರಿ ನಾಯಿ ಎಲ್ಲಿ ಮಲಗುತ್ತದೆ? ನಮ್ಮ ಬೆಟ್ಟಗಳಲ್ಲಿ ಚಿರತೆಗಳುಂಟು. ಅವಕ್ಕೆ ನಾಯಿಯಷ್ಟು ಸುಲಭದ ಬೇಟೆ ಇನ್ನೊಂದಿಲ್ಲ. ಬೆಟ್ಟದ ಬುಡದ ಮನೆಯವರು ‘ಹೊರಗೆ ಕಂಬಕ್ಕೆ ಕಟ್ಟುತ್ತೇವೆ’ ಎಂದರೆ, ಅದು ದತ್ತಕವಲ್ಲ, ಚಿರತೆಗೆ ಎಡೆಯಿಟ್ಟಂತೆ. ಬಾಗಿಲು ಹಾಕುವ ಕೊಟ್ಟಿಗೆಯಿದ್ದರೆ ಕೊಡಬಹುದು. ಇಲ್ಲದಿದ್ದರೆ ಕೈಮುಗಿದು ಇಲ್ಲವೆನ್ನಬೇಕು.

ಇಲ್ಲವೆನ್ನುವುದೇ ನಮಗೆ ಕಷ್ಟ. ಕೇಳಬಂದವರು ಪರಿಚಿತರು, ಮಾನ್ಯರು; ನಾಯಿ ಬೇಡುವುದೂ ಪುಣ್ಯಕಾರ್ಯವೆಂಬ ಭಾವನೆಯಿಂದ. ಅವರಿಗೆ ನಿಮ್ಮ ಮನೆ ಈ ನಾಯಿಗೆ ಹೊಂದದು ಎಂದು ಹೇಳಲು ದಾಕ್ಷಿಣ್ಯ. ಸ್ವರ್ಗದ ಬಾಗಿಲಲ್ಲಿ ಧರ್ಮರಾಯನು, ನಾಯಿಗೆ ಇಲ್ಲಿ ಎಡೆಯಿಲ್ಲ ಎಂದು ಇಂದ್ರನು ಹೇಳಿದಾಗ, ಹಾಗಾದರೆ ಈ ಮನೆ ನನಗೂ ಬೇಡ ಎಂದ. ಇಂದ್ರನ ಮನೆಯನ್ನೇ ಅವನು ನಿರಾಕರಿಸಬಹುದಾದರೆ, ನಾವು ಒಬ್ಬ ಕಂಟ್ರಾಕ್ಟರರ ಮನೆಯನ್ನು ನಿರಾಕರಿಸಲಾರೆವೇ?

ಇಷ್ಟೊಂದು ಪ್ರಶ್ನೆ ಕೇಳಿದರೆ ನಾಯಿ ಕೊಳ್ಳುವವರೇ ಇರರು, ಸಿಕ್ಕಿದ ಮನೆ ಸಿಕ್ಕಲಿ ಎಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪ ಪೊಳ್ಳಲ್ಲ. ಪ್ರಶ್ನೆಗಳು ಕೋರ್ಟಿನ ಸವಾಲಿನಂತೆ ಇರಕೂಡದು. ಬೀಗರು ಜಗಲಿಯ ಮೇಲೆ ಕುಳಿತು ಮಾತನಾಡುವಂತಿರಬೇಕು. ಆದರೆ ಹೊಂದದ ಮನೆಗೆ ಹೋದ ನಾಯಿ ಅಲ್ಲಿ ನಿಲ್ಲುವುದಿಲ್ಲ. ಮತ್ತೆ ಬೀದಿಗೆ ಬರುತ್ತದೆ, ಈ ಸಾರಿ ಅಪರಿಚಿತ ಬೀದಿಗೆ, ಅಲ್ಲಿಯ ನಾಯಿಗಳ ಹಲ್ಲಿಗೆ. ಹೆದರಿದ ನಾಯಿ ಕಚ್ಚುತ್ತದೆ. ಸಿಕ್ಕಿದ ಮನೆಗೆ ಕೊಟ್ಟು ನಾವು ಕಡಮೆ ಮಾಡಿದ್ದು ಏನನ್ನು? ಇನ್ನು, ಎಲ್ಲ ನಾಯಿಗೂ ಮನೆಯೇ ಬೇಕೆಂಬ ಹಟವೂ ಬೇಡ. 2001ರ ನಿಯಮಗಳೂ ಅವುಗಳ ಜಾಗದಲ್ಲಿ ಬಂದ 2023ರ ನಿಯಮಗಳೂ ಬೀದಿನಾಯಿಗೆ ಚಿಕಿತ್ಸೆ, ಲಸಿಕೆ ಕೊಟ್ಟು ಅದರ ಕೇರಿಗೇ ಬಿಡುವ ದಾರಿಯನ್ನು ಹೇಳಿವೆ. ಶಾಲೆ ಆಸ್ಪತ್ರೆಗಳಿಂದಾಚೆಗೆ, ಒಂದು ಕೇರಿಯೇ ಸೇರಿ ಅನ್ನವಿಡುವ ನಾಯಿಯನ್ನು ಎಳೆದೊಯ್ದು ಒಬ್ಬರ ಸ್ವತ್ತಾಗಿಸುವುದರಿಂದ ಅದಕ್ಕೆ ಉಪಕಾರವಾಗದು.

ನಮ್ಮಂಥ ತಾಲ್ಲೂಕುಗಳಲ್ಲಿ ಮಾಡಬಹುದಾದುದು ತೀರ ಸರಳ. ಎನ್.ಎಸ್.ಎಸ್. ವಿದ್ಯಾರ್ಥಿಗಳು ಹದಿನೈದು ದಿನ ಒಂದೊಂದು ನಾಯಿಯನ್ನು ದೂರದಿಂದ ಗಮನಿಸಿ ಒಂದು ಹಾಳೆ ಬರೆಯಲಿ. ಬರೆಯುವ ಅಭ್ಯಾಸವೂ ಆದೀತು. ಪಶುವೈದ್ಯರು ವಯಸ್ಸು, ಲಸಿಕೆ, ಚಿಕಿತ್ಸೆಯ ವಿವರ ಸೇರಿಸಲಿ. ಕೊಟ್ಟ ಮೇಲೆ ಒಂದು ತಿಂಗಳ ಪರೀಕ್ಷಾಕಾಲವಿರಲಿ. ಹೊಂದದಿದ್ದರೆ ಕೆರೆಯೇರಿಗಲ್ಲದೆ ಕೊಟ್ಟವರ ಕೈಗೇ ನಾಚಿಕೆಯಿಲ್ಲದೆ ಮರಳಿಸುವ ಏರ್ಪಾಡಿರಲಿ. ಹಾಳೆಯಲ್ಲಿ ವಿಶೇಷಣಗಳು ಬೇಡ, ಕಂಡ ಸಂಗತಿ ಸಾಕು. ಹೊಳವನಹಳ್ಳಿಯ ಒಬ್ಬ ವಿದ್ಯಾರ್ಥಿನಿ ಬರೆದು ತಂದ ಹಾಳೆ ನನ್ನ ಮುಂದಿದೆ: ‘ಕಪ್ಪು ಹೆಣ್ಣುನಾಯಿ. ಸುಮಾರು ನಾಲ್ಕು ವರ್ಷ. ಚಿಕಿತ್ಸೆ ಆಗಿದೆ, ಎಡಗಿವಿಯಲ್ಲಿ ಗುರುತು. ಸಣ್ಣ ಮಕ್ಕಳು ಬಾಲ ಎಳೆದರೆ ಎದ್ದು ಬೇರೆ ಕಡೆ ಹೋಗುತ್ತದೆ, ಕಚ್ಚುವುದಿಲ್ಲ. ಕೋಲು ಹಿಡಿದವರನ್ನು ಕಂಡರೆ ಬೊಗಳುತ್ತದೆ. ಪಟಾಕಿಗೆ ಹೆದರುತ್ತದೆ. ರಾತ್ರಿ ಗಿರಣಿಯ ಬಾಗಿಲಲ್ಲಿ ಮಲಗುತ್ತದೆ. ಕೋಳಿಯಿರುವ ಮನೆಗೆ ಬೇಡ.’